ಅಮ್ಮನ ಕುತ್ತಿಗೆ ಆಪರೇಷನ್: ಮಾಡಿಸುವುದಾ, ಕಾಯುವುದಾ?

ಕೇಳಿದವರು, ಬ್ರಹ್ಮಾವರ:
ಅಮ್ಮನಿಗೆ 58. ಮೂವತ್ತು ವರ್ಷ ತಲೆ ಬಗ್ಗಿಸಿ ಬೀಡಿ ಕಟ್ಟಿದವರು. ಎರಡು ವರ್ಷದಿಂದ ಕುತ್ತಿಗೆ ನೋವು, ಬಲಗೈಗೆ ಜೋಮು. ಎಂಆರ್‌ಐಯಲ್ಲಿ ಸಿ5–ಸಿ6, ಅಂದರೆ ಕುತ್ತಿಗೆಯ ಐದನೇ ಮತ್ತು ಆರನೇ ಮೂಳೆಯ ನಡುವಿನ ಡಿಸ್ಕ್ ಹಿಂದಕ್ಕೆ ಉಬ್ಬಿದೆ ಅಂತ ಉಂಟು. ಒಬ್ಬರು ಡಾಕ್ಟ್ರು ಆಪರೇಷನ್ ತಡ ಮಾಡ್ಬೇಡಿ ಅಂದ್ರು, ಇನ್ನೊಬ್ಬರು ಕಾದು ನೋಡುವ ಅಂದ್ರು. ದೊಡ್ಡಮ್ಮ ಬೇರೆ, "ಕುತ್ತಿಗೆಗೆ ಕತ್ತಿ ಹಾಕಿದ್ರೆ ಮತ್ತೆ ಹಾಸಿಗೆಯೇ ಗತಿ" ಅಂತ ಹೆದರಿಸಿಟ್ಟಿದ್ದಾರೆ. ನೋವು ಈಗ ಮೊದಲಿನಷ್ಟಿಲ್ಲ. ಎಲೆ ಸುರುಟಿ ನೂಲು ಕಟ್ಟಲಿಕ್ಕೆ ಆಗುವುದಿಲ್ಲ ಅಂತ ಬೀಡಿ ಮಾತ್ರ ಬಿಟ್ಟಿದ್ದಾರೆ, ಪ್ರಾಯ ಆಯ್ತಲ್ಲ. ಅನುಭವ ಇದ್ದವರು ಹೇಳಿ.

ಸುರತ್ಕಲ್‌ನಿಂದ:
ಅವಸರ ಮಾಡ್ಬೇಡಿ ಮಾರಾಯ್ರೆ. ನನಗೂ ಅದೇ ಸಿ5–ಸಿ6. ಎಡ ಭುಜದಿಂದ ಹೆಬ್ಬೆರಳಿನವರೆಗೆ ಕರೆಂಟ್ ಹೊಡೆದ ಹಾಗೆ. ರಾತ್ರಿ ಕೈಯನ್ನು ತಲೆಯ ಮೇಲೆ ಇಟ್ಟುಕೊಂಡರೆ ಮಾತ್ರ ನಿದ್ದೆ. ಆಪರೇಷನ್‌ಗೆ ಮನಸ್ಸು ಗಟ್ಟಿ ಮಾಡಿಯೂ ಆಗಿತ್ತು. ಡಾಕ್ಟ್ರೇ ಮೂರು ತಿಂಗಳು ನೋಡುವ ಅಂದ್ರು. ಮಾತ್ರೆ, ಫಿಸಿಯೋಥೆರಪಿ, ಬೈಕ್ ಬಂದ್. ಎಂಟನೇ ವಾರಕ್ಕೆ ಅರ್ಧ ಇಳಿಯಿತು, ಈಗ ನಾಲ್ಕು ವರ್ಷ ಆಯ್ತು, ಎಂತದ್ದೂ ಇಲ್ಲ. ಎಂಆರ್‌ಐ ನೋಡಿ ಹೆದರಬೇಡಿ. ಐವತ್ತು ದಾಟಿದವರನ್ನು ಸಾಲಾಗಿ ಮಲಗಿಸಿ ತೆಗೆದರೆ ನೋವೇ ಇಲ್ಲದವರಲ್ಲೂ ಡಿಸ್ಕ್ ಸವೆದದ್ದು ಕಾಣ್ತದೆ.

ಕುಂದಾಪುರದಿಂದ:
ಸುರತ್ಕಲ್‌ನವರು ಹೇಳಿದ್ದು ಅವರ ಮಟ್ಟಿಗೆ ಸರಿ. ಆದರೆ ತಮ್ಮಾ, ನೀನು ಬರೆದದ್ದರಲ್ಲಿ ನನಗೆ ಹೆದರಿಕೆ ಹುಟ್ಟಿಸಿದ್ದು ಎಂಆರ್‌ಐ ಅಲ್ಲ, ಆ ನೂಲಿನ ವಿಷಯ. ನಮ್ಮ ಯಜಮಾನರದ್ದೂ ಹಾಗೇ ಶುರುವಾದದ್ದು. ನೋವು ಅಂತ ಒಂದು ದಿನ ಹೇಳಿದವರಲ್ಲ. ಅಂಗಿ ಗುಂಡಿ ಹಾಕಲಿಕ್ಕೆ ನನ್ನನ್ನು ಕರೆಯಲು ಶುರು ಮಾಡಿದ್ರು. ಬ್ಯಾಂಕಿನಲ್ಲಿ ಸಹಿ ಹೊಂದುವುದಿಲ್ಲ ಅಂತ ಚೆಕ್ ವಾಪಸ್ ಬಂತು. ಪೇಟೆಗೆ ಹೋದವರು ಒಂದೇ ಕಾಲಿನಲ್ಲಿ ಚಪ್ಪಲಿ ಹಾಕ್ಕೊಂಡು ಬಂದ್ರು, ಇನ್ನೊಂದು ದಾರಿಯಲ್ಲಿ ಜಾರಿಹೋದದ್ದೇ ಗೊತ್ತಾಗಿಲ್ಲ. ನಾವು ನಕ್ಕೆವು, ಈಗ ನೆನೆಸಿದರೆ ಹೊಟ್ಟೆ ಉರಿಯುತ್ತದೆ. ಪ್ರಾಯ, ಪ್ರಾಯ ಅಂತ ಹೇಳಿ ಒಂದೂವರೆ ವರ್ಷ ಕಳೆದೆವು.

ಅವರಿಗೆ ಒತ್ತಿದ್ದು ಕೈಗೆ ಹೋಗುವ ನರ ಅಲ್ಲ, ಬೆನ್ನುಹುರಿಯೇ. ಡಾಕ್ಟ್ರು ಕಾಗದದಲ್ಲಿ ಚಿತ್ರ ಬರೆದು ತೋರಿಸಿದ್ರು: ಪಕ್ಕಕ್ಕೆ ಹೊರಡುವ ನರ ಒತ್ತಿದರೆ ನೋವು ಬಹಳ, ಆದರೆ ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ನಡುವಿನ ಹುರಿ ಒತ್ತಿದರೆ ನೋವು ಕಡಿಮೆಯೇ ಇರಬಹುದು, ಕೈಯ ನಯ ಹೋಗುತ್ತದೆ, ನಡಿಗೆ ತಪ್ಪುತ್ತದೆ, ಕೊನೆಗೆ ಮೂತ್ರದ ಹಿಡಿತವೂ. ಅದಕ್ಕೆ ಆಪರೇಷನ್ ಮಾಡುವುದು ಮುಖ್ಯವಾಗಿ ಇನ್ನಷ್ಟು ಹಾಳಾಗದಂತೆ ನಿಲ್ಲಿಸಲಿಕ್ಕೆ. ಹೋದದ್ದೆಲ್ಲ ವಾಪಸ್ ಬರ್ತದೆ ಅಂತ ಯಾರೂ ಮಾತು ಕೊಡುವುದಿಲ್ಲ. ನಮ್ಮವರ ನಡಿಗೆ ಸುಮಾರು ಸರಿಯಾಯ್ತು. ಗುಂಡಿ ಇವತ್ತಿಗೂ ನಾನೇ ಹಾಕುವುದು.

ಕಂಕನಾಡಿಯಿಂದ, ಫಿಸಿಯೋಥೆರಪಿಸ್ಟ್:
ಅಕ್ಕ ಹೇಳಿದ್ದನ್ನೇ ಮೊದಲು ಖಚಿತ ಮಾಡಿಕೊಳ್ಳಿ. ಮನೆಯಲ್ಲೇ ಒಂದು ನೋಡಬಹುದು: ಅಮ್ಮ 10 ಸೆಕೆಂಡಿನಲ್ಲಿ ಎಷ್ಟು ಸಲ ಮುಷ್ಟಿ ಕಟ್ಟಿ ಪೂರ್ತಿ ಬಿಡಿಸುತ್ತಾರೆ ಅಂತ ಎಣಿಸಿ. ಸಾಮಾನ್ಯವಾಗಿ 20ರ ಮೇಲೆ ಆಗಬೇಕು. ಒಂದು ಪಾದದ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗುವ ಹಾಗೆ ಗೆರೆಯಲ್ಲಿ ನಡೆಸಿ, ಬಿದ್ದಾರು, ಪಕ್ಕದಲ್ಲೇ ಇರಿ. ಇದು ಪರೀಕ್ಷೆಗೆ ಬದಲಿ ಅಲ್ಲ, ಡಾಕ್ಟ್ರಿಗೆ ಹೇಳಲಿಕ್ಕೆ ಒಂದು ಲೆಕ್ಕ. ಹುರಿ ಒತ್ತಿದೆ ಅಂತಾದರೆ ನಮ್ಮ ವ್ಯಾಯಾಮದಿಂದ ಆ ಒತ್ತಡ ತೆಗೆಯಲಿಕ್ಕೆ ಆಗುವುದಿಲ್ಲ, ಅದನ್ನು ನಾನೇ ಹೇಳ್ತೇನೆ. ಸೆಲೂನಿನಲ್ಲಿ ಲಟಕ್ ಅನ್ನಿಸುವುದು, ಎಣ್ಣೆ ಹಾಕಿ ಎಳೆಸುವುದು ಅಂತೂ ಬೇಡವೇ ಬೇಡ.

ಇನ್ನೊಂದು ಬದಿಯೂ ಗೊತ್ತಿರಲಿ. ಈ ಆಪರೇಷನ್‌ನಲ್ಲಿ ಸಾಮಾನ್ಯವಾಗಿ ಡಿಸ್ಕ್ ತೆಗೆದು ಅದರ ಮೇಲಿನ, ಕೆಳಗಿನ ಮೂಳೆ ಬೆಸೆಯುವ ಹಾಗೆ ಮಾಡ್ತಾರೆ. ಎರಡು ಮೂಳೆ ಒಂದಾಗಿ ಬೆಸೆದ ಮೇಲೆ ಅದರ ಮೇಲಿನ, ಕೆಳಗಿನ ಡಿಸ್ಕಿಗೆ ಭಾರ ಜಾಸ್ತಿ ಅಂತ ಒಂದು ಲೆಕ್ಕ. 1999ರ ಒಂದು ಅಮೆರಿಕನ್ ಅಧ್ಯಯನದ ಅಂದಾಜಿನಲ್ಲಿ 10 ವರ್ಷದೊಳಗೆ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಪಕ್ಕದಲ್ಲಿ ಹೊಸ ತೊಂದರೆ. ಹಾಗಾಗಿ ಬರೀ ಕುತ್ತಿಗೆ ನೋವಿಗೆ ಆಪರೇಷನ್ ಅಂದರೆ ನಾನು ಎರಡು ಸಲ ಯೋಚಿಸ್ತೇನೆ.

ಪುತ್ತೂರು ಮೂಲ, ಈಗ ಮಂಗಳೂರು:
ನನ್ನದು ಎದುರಿನಿಂದಲೇ ಮಾಡಿದ್ದು. ಗಂಟಲಿನ ಪಕ್ಕ ಅಡ್ಡಕ್ಕೆ ಸಣ್ಣ ಗೀರು, ಶ್ವಾಸನಾಳ ಅನ್ನನಾಳ ಬದಿಗೆ ಸರಿಸಿ ಡಿಸ್ಕ್ ತೆಗೆದು ಆ ಜಾಗಕ್ಕೆ ಒಂದು ತುಂಡು, ಮೇಲಿಂದ ಪ್ಲೇಟು, ಸ್ಕ್ರೂ. ಮರುದಿನವೇ ನಡೆಸಿದ್ರು. ಕೈ ನೋವು ಅವತ್ತೇ ಹೋಯ್ತು, ಸುಳ್ಳು ಹೇಳಬಾರದು. ಆದರೆ ಸ್ವರವೂ ಹೋಯ್ತು! ನಾನು ತಾಳಮದ್ದಳೆಯಲ್ಲಿ ಅರ್ಥ ಹೇಳುವವ. ಸ್ವರತಂತುವಿನ ನರ ಆ ದಾರಿಯಲ್ಲೇ ಹೋಗ್ತದೆ, ಎಳೆದಾಗ ಸೋಲ್ತದೆ ಅಂತ ಆಪರೇಷನ್ ಆದ ಮೇಲೆ ಹೇಳಿದ್ರು. ಮೊದಲೇ ಹೇಳಿದ್ದರೆ ಮಳೆಗಾಲದ ಕೂಟಗಳನ್ನು ಒಪ್ಪಿಕೊಳ್ಳುತ್ತಲೇ ಇರಲಿಲ್ಲ. ಹದಿನೈದು ದಿನ ಕುಚ್ಚಲಕ್ಕಿ ಗಂಜಿ ತೆಳಿ ಮಾತ್ರ ಇಳಿದದ್ದು. ಮೂರು ತಿಂಗಳಿಗೆ ಸ್ವರ ಬಂತು, ಕೌರವನ ಏರು ದನಿ ಮಾತ್ರ ಮೊದಲಿನ ಹಾಗಿಲ್ಲ. ಹೆಚ್ಚಿನವರಿಗೆ ಪೂರ್ತಿ ಸರಿಹೋಗ್ತದಂತೆ. ಹಾಂ, ಬೀಡಿ ಸಿಗರೇಟು ಸೇದುವವರಿಗೆ ಮೂಳೆ ಬೆಸೆಯುವುದು ತಡ, ನನ್ನನ್ನು ಮೊದಲೇ ಬಿಡಿಸಿದ್ರು.

ಕಾರ್ಕಳದಿಂದ:
ಖರ್ಚಿನ ಬಗ್ಗೆ ಒಂದು ಮಾತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಂಟು. ಆದರೆ ನೇರ ಖಾಸಗಿಗೆ ಹೋಗಿ ಮಲಗಿದರೆ ಆಗುವುದಿಲ್ಲ, ಇಂಥದ್ದಕ್ಕೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಕೇಳ್ತಾರೆ. ಮೊದಲು ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರ ಹತ್ತಿರ ಮಾತಾಡಿ.

ಕೇಳಿದವರು, ಬ್ರಹ್ಮಾವರ:
ನಿನ್ನೆ ರಾತ್ರಿ ಎಣಿಸಿದೆ. ಬಲಗೈ 11, ಎಡಗೈ 14. ಗೆರೆಯಲ್ಲಿ ನಾಲ್ಕು ಹೆಜ್ಜೆಗೆ ನನ್ನ ಭುಜ ಹಿಡಿದ್ರು. ಮತ್ತೆ ಕೇಳಿದರೆ, ಕಟ್ಟಿದ ಬೀಡಿ ಕೊಡುವ ಬ್ರಾಂಚಿನಲ್ಲಿ ಬೀಡಿ ಸಡಿಲ ಅಂತ ತೆಗೆದು ಹಾಕಲಿಕ್ಕೆ ಶುರು ಮಾಡಿ ಎಂಟು ತಿಂಗಳು ಆಯ್ತಂತೆ, ನಾಚಿಕೆಯಿಂದ ನಮಗೆ ಹೇಳಲೇ ಇಲ್ಲ. ಕಾಯುವ ಅಂದ ಡಾಕ್ಟ್ರಿಗೂ ನಾವು ನೋವು ಮಾತ್ರ ಹೇಳಿದ್ದು, ಇದನ್ನು ಹೇಳಿರಲಿಲ್ಲ. ಗುರುವಾರ ಅವರ ಹತ್ತಿರವೇ ಹೋಗ್ತಿದ್ದೇವೆ.

ಕುಂದಾಪುರದಿಂದ:
ರಿಪೋರ್ಟಿನ ಕಾಗದ ಮಾತ್ರ ಅಲ್ಲ, ಎಂಆರ್‌ಐ ಫಿಲ್ಮನ್ನೂ ತಗೊಂಡು ಹೋಗು. "ಹುರಿ ಒತ್ತಿದೆಯಾ, ಹುರಿಯ ಬಣ್ಣ ಬದಲಾಗಿದೆಯಾ" ಅಂತ ನೇರ ಕೇಳು. ದೊಡ್ಡಮ್ಮನನ್ನೂ ಕರ್ಕೊಂಡು ಹೋಗು, ಅವರ ಪ್ರಶ್ನೆಗೂ ಡಾಕ್ಟ್ರೇ ಉತ್ತರ ಕೊಡ್ಲಿ. ಅಲ್ಲಿವರೆಗೆ ಅಮ್ಮನನ್ನು ಸ್ಕೂಟರ್ ಹಿಂದೆ ಕೂರಿಸಬೇಡ, ಬಚ್ಚಲಲ್ಲಿ ಜಾರದ ಹಾಗೆ ನೋಡ್ಕೋ.