ಯೂನಿವರ್ಸಿಟಿ ವೆಬ್‌ಸೈಟ್ ಕಣ್ಣು ಕಾಣದವರಿಗೂ ಓದಲು ಬರಬೇಕು, ಕೆಲಸ ಎಲ್ಲಿಂದ ಶುರು ಮಾಡಲಿ?

ಕೋಡಿಬಾಗದವ:

ಎಲ್ಲರಿಗೂ ನಮಸ್ಕಾರ. ನಾನು ಕಾರವಾರದವನು. ಒಂದು ಯೂನಿವರ್ಸಿಟಿಯ ವೆಬ್‌ಸೈಟ್ ನೋಡಿಕೊಳ್ಳುವ ಸಣ್ಣ ತಂಡದಲ್ಲಿದ್ದೇನೆ, ಹೆಸರು ಬೇಡ. ವಿಕಲಚೇತನ ವಿದ್ಯಾರ್ಥಿಗಳು ತಾವೇ ಬಳಸುವ ಹಾಗೆ ಸೈಟನ್ನು ಸರಿ ಮಾಡಿ ಎಂದು ಈ ವರ್ಷ ಮೇಲಿನಿಂದ ಹೇಳಿದ್ದಾರೆ. ನನಗೂ ಇದು ಆಗಲೇಬೇಕು ಎಂದು ಮೊದಲಿನಿಂದ ಇದೆ. ನಮ್ಮ ಜಿಲ್ಲೆಯ ಮಟ್ಟಿಗೆ ವೆಬ್‌ಸೈಟ್ ಸಣ್ಣ ವಿಷಯ ಅಲ್ಲ. ಜೊಯಿಡಾದ ಒಳಗಿನ ಹಳ್ಳಿಯವರೋ ಸಿದ್ದಾಪುರದವರೋ ಒಂದು ಸರ್ಟಿಫಿಕೇಟ್‌ಗಾಗಿ ಯೂನಿವರ್ಸಿಟಿ ಆಫೀಸಿಗೆ ಹೋಗಿ ಬಂದರೆ ಇಡೀ ದಿನ ಹೋಗುತ್ತದೆ. ಮಳೆಗಾಲದಲ್ಲಿ ಘಟ್ಟದಲ್ಲಿ ಗುಡ್ಡ ಕುಸಿದರೆ ಅದೂ ಇಲ್ಲ. ಕಣ್ಣು ಕಾಣದವರಿಗೆ, ಓಡಾಡಲು ಕಷ್ಟ ಇರುವವರಿಗೆ ಇನ್ನೂ ಜಾಸ್ತಿ.

ಈಗಿನ ಸೈಟ್ ಹೀಗಿದೆ. ಮೇಲೆ ಓಡುತ್ತಲೇ ಇರುವ ಸುದ್ದಿ ಸಾಲು, ಅದರ ಕೆಳಗೆ ಬದಲಾಗುತ್ತಾ ಹೋಗುವ ದೊಡ್ಡ ಫೋಟೋಗಳು, ಆಮೇಲೆ ಉದ್ದಕ್ಕೆ ಸುತ್ತೋಲೆಗಳ ಪಿಡಿಎಫ್. ಪರೀಕ್ಷೆ ಅರ್ಜಿ ತುಂಬುವುದು ಬೇರೆ ಪೋರ್ಟಲ್‌ನಲ್ಲಿ. ಒಂದು ಕಂಪನಿಯವರು ಬಂದು, ಒಂದೇ ಸಾಲು ಕೋಡ್ ಹಾಕಿದರೆ ಮೂಲೆಯಲ್ಲಿ ಗಾಲಿಕುರ್ಚಿ ಚಿತ್ರದ ಬಟನ್ ಬರುತ್ತದೆ, ಅಕ್ಷರ ದೊಡ್ಡದು ಮಾಡುವುದು, ಬಣ್ಣ ಬದಲಿಸುವುದು, ಓದಿ ಹೇಳುವುದು ಎಲ್ಲ ಅದರಲ್ಲೇ ಆಗುತ್ತದೆ ಎಂದು ಹೇಳಿ ಹೋಗಿದ್ದಾರೆ. ವರ್ಷಕ್ಕೆ ಇಷ್ಟು ಎಂದು ದುಡ್ಡು. ಆಫೀಸಿನಲ್ಲಿ ಎಲ್ಲರಿಗೂ ಅದೇ ಸುಲಭ ಅನಿಸಿದೆ. ನನಗೆ ಯಾಕೋ ಅನುಮಾನ. ಸ್ಕ್ರೀನ್ ರೀಡರ್ (ತೆರೆಯ ಮೇಲಿರುವುದನ್ನು ಓದಿ ಹೇಳುವ ಸಾಫ್ಟ್‌ವೇರ್) ದಿನಾ ಬಳಸುವವರು, ಇಂಥ ಕೆಲಸ ಮಾಡಿದವರು ಯಾರಾದರೂ ಇದ್ದರೆ ಹೇಳಿ. ಮೊದಲು ಕೈ ಹಾಕಬೇಕಾದ್ದು ಯಾವುದಕ್ಕೆ?

ಸಿರ್ಸಿ ಓದುಗ:

ನಾನು ಸಿರ್ಸಿ ಕಡೆಯವನು ಸರ್, ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ, ಎಂಎ ಓದುತ್ತಿದ್ದೇನೆ. ಲ್ಯಾಪ್‌ಟಾಪ್‌ನಲ್ಲಿ ಎನ್‌ವಿಡಿಎ, ಫೋನಿನಲ್ಲಿ ಟಾಕ್‌ಬ್ಯಾಕ್ ಬಳಸುತ್ತೇನೆ.

ಆ ಬಟನ್ ದಯವಿಟ್ಟು ಬೇಡ. ಓದಿ ಹೇಳುವ ಸಾಫ್ಟ್‌ವೇರ್ ನನ್ನ ಹತ್ತಿರ ಇದ್ದೇ ಇದೆ. ಎನ್‌ವಿಡಿಎ ಪುಕ್ಕಟೆ ಸಿಗುತ್ತದೆ, ಆಸ್ಟ್ರೇಲಿಯಾದ ಕಣ್ಣು ಕಾಣದ ಯುವಕನೊಬ್ಬ 2006ರಲ್ಲಿ ಶುರು ಮಾಡಿದ್ದು ಅದು. ಅದರ ವೇಗ, ಅದರ ಕೀಗಳು ನನ್ನ ಕೈಗೆ ಕೂತಿವೆ. ಸೈಟಿನ ಬಟನ್ ಒತ್ತಿದರೆ ಎರಡು ಧ್ವನಿ ಒಟ್ಟಿಗೆ ಮಾತಾಡುತ್ತವೆ, ಎರಡೂ ಅರ್ಥ ಆಗುವುದಿಲ್ಲ. ನನಗೆ ಬೇಕಾದ್ದು ಒಂದೇ. ಪುಟದ ಮೇಲೆ ಇರುವುದು ನಿಜವಾದ ಅಕ್ಷರ ಆಗಿರಬೇಕು.

ಈಗ ಅದು ಇಲ್ಲ. ಸುತ್ತೋಲೆ ಹೇಗೆ ಬರುತ್ತದೆ ನೋಡಿ. ಆಫೀಸಿನಲ್ಲಿ ಕಂಪ್ಯೂಟರ್‌ನಲ್ಲೇ ಟೈಪ್ ಮಾಡುತ್ತಾರೆ, ಪ್ರಿಂಟ್ ತೆಗೆಯುತ್ತಾರೆ, ಸಹಿ, ಸೀಲು ಆಗುತ್ತದೆ, ಮತ್ತೆ ಸ್ಕ್ಯಾನ್ ಮಾಡಿ ಹಾಕುತ್ತಾರೆ. ಅಕ್ಷರವಾಗಿ ಹುಟ್ಟಿದ್ದು ಸೈಟಿಗೆ ಬರುವಾಗ ಚಿತ್ರ ಆಗಿರುತ್ತದೆ. ಎನ್‌ವಿಡಿಎ 'ಖಾಲಿ ಡಾಕ್ಯುಮೆಂಟ್' ಎನ್ನುವ ಅರ್ಥದ ಒಂದು ಮಾತು ಹೇಳಿ ನಿಲ್ಲುತ್ತದೆ. ಸ್ಕ್ಯಾನ್ ಅಲ್ಲದಿದ್ದರೆ ಕನ್ನಡ ಟೈಪ್ ಮಾಡುವ ನುಡಿ ಅಥವಾ ಬರಹ ಸಾಫ್ಟ್‌ವೇರಿನ ಹಳೇ ಫಾಂಟ್. ನಿಮ್ಮ ಕಣ್ಣಿಗೆ ಅದು ಚಂದದ ಕನ್ನಡ. ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆ, ಫಾಂಟ್ ಅದಕ್ಕೆ ಕನ್ನಡದ ರೂಪ ಕೊಡುತ್ತದೆ ಅಷ್ಟೇ. ಅದರಲ್ಲಿ 'ಕನ್ನಡ' ಎಂದು ಬರೆದಿದ್ದರೆ ನನ್ನ ಕಿವಿಗೆ ಬೀಳುವುದು 'ಪಿ, ಎ, ಪೌಂಡ್, ಎ, ಕ್ಯೂ'. ಹೀಗೆ ಎರಡು ಪುಟ ಕೇಳಿ, ಆಗ ಗೊತ್ತಾಗುತ್ತದೆ. ಅದೇ ಕಾರಣಕ್ಕೆ ಗೂಗಲ್‌ನಲ್ಲಿ ಹುಡುಕಿದರೂ ಆ ಸುತ್ತೋಲೆ ಯಾರಿಗೂ ಸಿಗುವುದಿಲ್ಲ, ಕಣ್ಣಿದ್ದವರಿಗೂ.

ಮಳೆಗಾಲದಲ್ಲಿ ಪರೀಕ್ಷೆ ಮುಂದೆ ಹಾಕಿದ ಸುದ್ದಿ ಕೂಡ ಫೋಟೋ ಆಗಿ ಬರುತ್ತದೆ. ಬೆಳಿಗ್ಗೆ ಆರು ಗಂಟೆಗೆ ಯಾರನ್ನೋ ಎಬ್ಬಿಸಿ 'ಇದರಲ್ಲಿ ಏನಿದೆ, ಓದಿ ಹೇಳು ಮಾರಾಯ' ಎಂದು ಕೇಳಬೇಕು. ಬಸ್ಸು ಹತ್ತಬೇಕೋ ಬೇಡವೋ ಎನ್ನುವುದು ಅದರ ಮೇಲೆ ನಿಂತಿರುತ್ತದೆ, ಅಲ್ವಾ?

ಇನ್ನು ಅರ್ಜಿ. ಚಿತ್ರದಲ್ಲಿರುವ ವಕ್ರ ಅಕ್ಷರ ನೋಡಿ ಟೈಪ್ ಮಾಡಿ ಎನ್ನುವ ಕ್ಯಾಪ್ಚಾ ಇದ್ದರೆ ನನ್ನ ಆಟ ಅಲ್ಲಿಗೇ ಮುಗಿಯಿತು. ಹಾಗಾಗಿ ಸೈಬರ್ ಸೆಂಟರ್‌ಗೆ ಹೋಗುತ್ತೇವೆ. ಪಾಸ್‌ವರ್ಡ್ ಅವರಿಗೆ ಹೇಳಬೇಕು, ಆಧಾರ್ ನಂಬರ್ ಹೇಳಬೇಕು, ಫೋನಿಗೆ ಬಂದ ಓಟಿಪಿ ಹೇಳಬೇಕು. ಅವರು ಒಳ್ಳೆಯವರೇ, ಆ ಮಾತಿಲ್ಲ. ಆದರೆ ನನ್ನ ಅಂಕ ನನಗಿಂತ ಮೊದಲು ಅಂಗಡಿಯಲ್ಲಿ ನಿಂತವರಿಗೆಲ್ಲ ಗೊತ್ತಾಗುವುದು ನನಗೆ ಬೇಡ. ಸ್ನಾತಕೋತ್ತರ ಓದುತ್ತಿರುವ ಮನುಷ್ಯ ತನ್ನ ಅರ್ಜಿಯನ್ನು ತಾನು ತುಂಬಬೇಕು ಸರ್.

ಮೊದಲು ಏನು ಎಂದು ಕೇಳಿದಿರಿ. ಸುತ್ತೋಲೆ, ಅರ್ಜಿ, ಫಲಿತಾಂಶ. ಕುಲಪತಿಗಳ ಸಂದೇಶದ ಪುಟ ಆಮೇಲೆ ನೋಡಿದರೂ ನಡೆಯುತ್ತದೆ.

ಕುಮಟಾ ಕೋಡರ್:

ಸಿರ್ಸಿಯವರು ಹೇಳಿದ್ದು ನೂರಕ್ಕೆ ನೂರು ಸರಿ. ಆ ಒಂದು ಸಾಲಿನ ಬಟನ್ ಬಗ್ಗೆ ಆಫೀಸಿಗೆ ಹೇಳಲು ಒಂದು ಮಾತು. ಇಂಥದ್ದನ್ನೇ ಮಾರುವ ಒಂದು ಕಂಪನಿ, ಯಾವ ಸೈಟನ್ನಾದರೂ ತಾನು ನಿಯಮಕ್ಕೆ ಸರಿ ಮಾಡಿಬಿಡುತ್ತೇನೆ ಎಂದು ಜಾಹೀರಾತು ಮಾಡಿದ್ದಕ್ಕೆ ಅಮೆರಿಕದ ವ್ಯಾಪಾರ ಆಯೋಗ 2025ರಲ್ಲಿ 10 ಲಕ್ಷ ಡಾಲರ್ ಕಟ್ಟಿಸಿದೆ. ಹೊರಗಿನಿಂದ ಅಂಟಿಸಿದ ಕೋಡ್, ಸ್ಕ್ಯಾನ್ ಮಾಡಿದ ಸುತ್ತೋಲೆಯ ಒಳಗೆ ಅಕ್ಷರ ತುಂಬಲು ಆಗುವುದಿಲ್ಲ.

ನಿಮ್ಮ ಕಡೆಯಿಂದ ಇವತ್ತೇ ಮಾಡಬಹುದಾದ ಪರೀಕ್ಷೆ ಹೇಳುತ್ತೇನೆ. ಮೌಸ್ ತೆಗೆದು ಪಕ್ಕಕ್ಕಿಡಿ. ಟ್ಯಾಬ್ ಕೀ ಒತ್ತುತ್ತಾ ಮುಖಪುಟದಿಂದ ಫಲಿತಾಂಶದ ತನಕ ಹೋಗಿ. ಈಗ ಯಾವ ಲಿಂಕ್ ಮೇಲೆ ಇದ್ದೀರಿ ಎಂದು ಕಾಣಬೇಕು. ಬಹಳ ಸೈಟುಗಳಲ್ಲಿ ಕಾಣುವುದಿಲ್ಲ, ಯಾಕೆಂದರೆ ಡಿಸೈನ್ ಮಾಡಿದವರು ಸುತ್ತ ಬರುವ ಗೆರೆ ಚಂದ ಅಲ್ಲ ಎಂದು ಪುಟದ ಅಂದ ನೋಡಿಕೊಳ್ಳುವ ಕೋಡ್ ಆದ ಸಿಎಸ್‌ಎಸ್‌ನಲ್ಲಿ ತೆಗೆದು ಹಾಕಿರುತ್ತಾರೆ. ಅದನ್ನು ವಾಪಸ್ ತನ್ನಿ. ಮೆನು ಮೌಸ್ ಇಟ್ಟರೆ ಮಾತ್ರ ತೆರೆದುಕೊಳ್ಳುತ್ತಿದ್ದರೆ ಅದನ್ನೂ ಸರಿ ಮಾಡಿ. ಪುಟದ ಶುರುವಿಗೇ 'ಮುಖ್ಯ ವಿಷಯಕ್ಕೆ ಹೋಗಿ' ಎಂಬ ಲಿಂಕ್ ಇರಲಿ, ಇಲ್ಲದಿದ್ದರೆ ಪ್ರತಿ ಪುಟದಲ್ಲೂ ಇಡೀ ಮೆನು ಮತ್ತೆ ಮತ್ತೆ ದಾಟಬೇಕಾಗುತ್ತದೆ.

ಆಮೇಲೆ ಭಾಷೆ. ಕನ್ನಡ ಪುಟದ ಎಚ್‌ಟಿಎಂಎಲ್‌ನಲ್ಲಿ ಭಾಷೆ ಇಂಗ್ಲಿಷ್ ಎಂದೇ ಉಳಿದಿರುತ್ತದೆ, ಟೆಂಪ್ಲೇಟ್ ಹಾಗೇ ಬಂದಿರುತ್ತದೆ. ಸ್ಕ್ರೀನ್ ರೀಡರ್ ಅದನ್ನು ನಂಬಿ ಇಂಗ್ಲಿಷ್ ಧ್ವನಿಯಲ್ಲಿ ಓದಲು ಹೋಗುತ್ತದೆ, ಕೆಲವು ಧ್ವನಿಗಳು ಕನ್ನಡ ಬಂದ ಕೂಡಲೇ ಸುಮ್ಮನಾಗಿಬಿಡುತ್ತವೆ. ಕನ್ನಡ ಪುಟಕ್ಕೆ ಕನ್ನಡದ ಕೋಡ್ ಹಾಕಿ, ನಡುವೆ ಇಂಗ್ಲಿಷ್ ಪ್ಯಾರಾ ಇದ್ದರೆ ಅದಕ್ಕೆ ಬೇರೆ. ಐದು ನಿಮಿಷದ ಕೆಲಸ, ಇದನ್ನು ಯಾರೂ ಮಾಡುವುದಿಲ್ಲ ಎನ್ನುವುದೇ ನನ್ನ ಸಿಟ್ಟು.

'ಇಲ್ಲಿ ಕ್ಲಿಕ್ ಮಾಡಿ' ಲಿಂಕ್‌ಗಳನ್ನು ತೆಗೆಯಿರಿ. ಕಣ್ಣು ಕಾಣದವರು ಪುಟದ ಲಿಂಕ್‌ಗಳನ್ನು ಪಟ್ಟಿ ಮಾಡಿಸಿ ಕೇಳುತ್ತಾರೆ. ಆ ಪಟ್ಟಿಯ ತುಂಬಾ 'ಇಲ್ಲಿ ಕ್ಲಿಕ್ ಮಾಡಿ, ಇಲ್ಲಿ ಕ್ಲಿಕ್ ಮಾಡಿ' ಎಂದೇ ಬಂದರೆ ಏನು ಮಾಡಬೇಕು? 'ಬಿಎ ಮೂರನೇ ಸೆಮಿಸ್ಟರ್ ವೇಳಾಪಟ್ಟಿ' ಎಂದೇ ಲಿಂಕ್ ಇರಲಿ. ಶೀರ್ಷಿಕೆಗಳು ಬರೀ ದಪ್ಪ ಅಕ್ಷರ ಆಗಬಾರದು, ನಿಜವಾದ ಹೆಡಿಂಗ್ ಟ್ಯಾಗ್ ಇರಬೇಕು, ಎನ್‌ವಿಡಿಎಯಲ್ಲಿ ಎಚ್ ಕೀ ಒತ್ತಿ ಒಂದರಿಂದ ಒಂದಕ್ಕೆ ಹಾರಬಹುದು. ಅರ್ಜಿಯ ಪ್ರತಿ ಖಾನೆಗೂ ಲೇಬಲ್ ಬೇಕು, ಖಾನೆಯ ಒಳಗೆ ತಿಳಿ ಬಣ್ಣದಲ್ಲಿ ಬರೆದದ್ದು ಲೇಬಲ್ ಆಗುವುದಿಲ್ಲ. ತಪ್ಪಾದಾಗ ಬರೀ ಕೆಂಪು ಗೆರೆ ಬೇಡ, 'ಹುಟ್ಟಿದ ದಿನಾಂಕ ತುಂಬಿಲ್ಲ' ಎಂದು ಅಕ್ಷರದಲ್ಲಿ ಹೇಳಿ.

ಅಕ್ಷರಕ್ಕೂ ಹಿನ್ನೆಲೆಗೂ ಬಣ್ಣದ ಅಂತರ (ಕಾಂಟ್ರಾಸ್ಟ್) 4.5ಕ್ಕೆ 1 ಇರಬೇಕು, ದೊಡ್ಡ ಅಕ್ಷರಕ್ಕೆ 3ಕ್ಕೆ 1 ಸಾಕು. ಬಿಳಿ ಹಿನ್ನೆಲೆ ಮೇಲೆ 777777 ಎಂಬ ಕೋಡಿನ ಬೂದು ಬಣ್ಣ 4.48 ಬರುತ್ತದೆ, ಸ್ವಲ್ಪದರಲ್ಲಿ ಫೇಲ್. 767676 ಪಾಸು. ಓಡುವ ಸುದ್ದಿ ಸಾಲನ್ನು ತೆಗೆದೇ ಹಾಕಿ, ಉಳಿಸಲೇಬೇಕು ಎಂದರೆ ನಿಲ್ಲಿಸುವ ಬಟನ್ ಕೊಡಿ. ತಾನಾಗಿ ಐದು ಸೆಕೆಂಡಿಗಿಂತ ಜಾಸ್ತಿ ಓಡುವುದಕ್ಕೆ ಅದು ಇರಲೇಬೇಕು ಎನ್ನುತ್ತದೆ ಡಬ್ಲ್ಯೂಸಿಎಜಿ, ಎಲ್ಲರಿಗೂ ಬಳಸಲು ಬರುವ ವೆಬ್‌ಸೈಟ್ ಹೇಗಿರಬೇಕು ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿ ಅದು.

ಕ್ರೋಮ್‌ನಲ್ಲೇ ಸೈಟ್ ಪರೀಕ್ಷಿಸುವ ಲೈಟ್‌ಹೌಸ್ ಇದೆ, ಅಂಥವೇ ಆದ ವೇವ್, ಆಕ್ಸ್ ಕೂಡ ಪುಕ್ಕಟೆ. ಓಡಿಸಿ. ಆದರೆ ಹಸಿರು ಅಂಕ ನೋಡಿ ಕೆಲಸ ಆಯಿತು ಎಂದುಕೊಳ್ಳಬೇಡಿ. ಫೋಟೋಗೆ ವಿವರಣೆ ಇದೆಯೋ ಇಲ್ಲವೋ ಎಂದು ಅವು ಹೇಳುತ್ತವೆ, ಆ ವಿವರಣೆ 'ಐಎಂಜಿ 0023' ಎಂದಿದ್ದರೆ ಅದಕ್ಕೂ ಪಾಸ್ ಕೊಡಬಹುದು.

ಗಂಗಾವಳಿ:

ನಾನು ಅಂಕೋಲಾ ಕಡೆ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಆಫೀಸಿನವರನ್ನು ಒಪ್ಪಿಸುವುದು ಹೇಗೆ ಎನ್ನುವುದಕ್ಕೆ ಮಾತ್ರ ಬರೆಯುತ್ತೇನೆ.

ಇದು ಯಾರ ದಯೆಯೂ ಅಲ್ಲ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರಲ್ಲೇ ಬಂದಿದೆ, ಅದರ 42ನೇ ಕಲಂ ಡಿಜಿಟಲ್ ಮಾಹಿತಿ ಎಲ್ಲರಿಗೂ ಸಿಗುವ ರೂಪದಲ್ಲಿ ಇರಬೇಕು ಎನ್ನುತ್ತದೆ. 32ನೇ ಕಲಂ ಪ್ರಕಾರ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇಕಡಾ 5 ಸೀಟು ಇವರಿಗೆ. ಸೀಟು ಕೊಟ್ಟು, ಅದಕ್ಕೆ ಹಾಕುವ ಅರ್ಜಿ ಮಾತ್ರ ಅವರಿಂದ ತುಂಬಲು ಆಗದ ಹಾಗೆ ಇಟ್ಟರೆ ಆ 5ಕ್ಕೆ ಅರ್ಥ ಏನು? 2024ರ ನವೆಂಬರ್ 8ರಂದು ರಾಜೀವ್ ರಾತುರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ನಿಯಮಗಳು ಬರೀ ಸಲಹೆಯ ರೂಪದಲ್ಲಿದ್ದರೆ ಸಾಲದು, ಕಡ್ಡಾಯ ಆಗಿರುವ ಮಾನದಂಡ ಮಾಡಿ ಎಂದು ಕೇಂದ್ರಕ್ಕೆ ಹೇಳಿದೆ. 2025ರ ಏಪ್ರಿಲ್ 30ರ ಇನ್ನೊಂದು ತೀರ್ಪಿನಲ್ಲಿ ಡಿಜಿಟಲ್ ಸೌಲಭ್ಯ ಸಿಗುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದೇ ಹೇಳಿತು. ಸರ್ಕಾರಿ ಸೈಟುಗಳ ಮಾರ್ಗಸೂಚಿ ಜಿಐಜಿಡಬ್ಲ್ಯೂ ಇದೆ, ಅದರ ಮೂರನೇ ಆವೃತ್ತಿ ಡಬ್ಲ್ಯೂಸಿಎಜಿ 2.1ರ ಡಬಲ್ ಎ ಮಟ್ಟ ಕೇಳುತ್ತದೆ. ಟೆಂಡರ್‌ನಲ್ಲಿ ಇದೇ ಶಬ್ದ ಬರೆಸಿ, ಸುಮ್ನೆ 'ಅಂಗವಿಕಲ ಸ್ನೇಹಿ' ಎಂದು ಬರೆದರೆ ಯಾರಾದರೂ ಆ ಬಟನ್ ಅಂಟಿಸಿ ಬಿಲ್ ಪಾಸ್ ಮಾಡಿಸಿಕೊಂಡು ಹೋಗುತ್ತಾರೆ.

ಕಾನೂನಿಗೆ ಬಗ್ಗದವರು ಕಾಲೇಜು, ಯೂನಿವರ್ಸಿಟಿಗಳ ಗುಣಮಟ್ಟ ಅಳೆಯುವ ನ್ಯಾಕ್‌ಗೆ ಬಗ್ಗುತ್ತಾರೆ. ಅದರ ಮಾನದಂಡಗಳಲ್ಲಿ ರ‍್ಯಾಂಪ್, ಶೌಚಾಲಯದ ಜೊತೆಗೇ ಬಳಸಲು ಬರುವ ವೆಬ್‌ಸೈಟ್ ಕೂಡ ಕೇಳಿದ್ದಾರೆ. ಆ ಸಾಲನ್ನು ಅಡಿಗೆರೆ ಹಾಕಿ ತೋರಿಸಿ.

ಹೊನ್ನಾವರ ಟೀಚರ್:

ಎಲ್ಲರೂ ಕಣ್ಣಿನ ಬಗ್ಗೆ ಹೇಳಿದ್ದೀರಿ, ಕಿವಿ ಕೇಳದ ಮಕ್ಕಳ ಪರವಾಗಿ ಎರಡು ಮಾತು. ಸಹಾಯವಾಣಿ ಎಂದು ಬರೀ ಫೋನ್ ನಂಬರ್ ಹಾಕುತ್ತಾರೆ. ಅವರು ಯಾರಿಗೆ ಫೋನ್ ಮಾಡಬೇಕು? ಮೆಸೇಜ್ ಮಾಡುವ ನಂಬರ್, ಇಮೇಲ್ ಎರಡೂ ಇರಲಿ, ಮತ್ತು ಅದಕ್ಕೆ ಉತ್ತರ ಕೊಡುವವರು ಇರಲಿ. ಅರ್ಜಿ ತುಂಬುವುದು ಹೇಗೆ ಎಂಬ ವಿಡಿಯೋಗೆ ಕೆಳಗೆ ಅಕ್ಷರ ಬೇಕು. ಕೈ ನಡುಗುವ ಒಬ್ಬ ವಿದ್ಯಾರ್ಥಿನಿ ನಮ್ಮಲ್ಲಿದ್ದಳು, ಸಣ್ಣ ಗುಂಡಿಯ ಮೇಲೆ ಮೌಸ್ ನಿಲ್ಲಿಸಲು ಅವಳಿಗೆ ಹೊತ್ತು ಬೇಕು, ಅಷ್ಟರಲ್ಲಿ ಪುಟ ಲಾಗೌಟ್ ಆಗಿ ತುಂಬಿದ್ದೆಲ್ಲ ಹೋಗುತ್ತಿತ್ತು. ಲಾಗೌಟ್ ಆಗುವ ಮೊದಲು ಕೇಳಿ, ಹೊತ್ತು ಜಾಸ್ತಿ ಕೊಡಿ, ತುಂಬಿದ್ದನ್ನು ಉಳಿಸಿಡಿ. ಇಲ್ಲಿ ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಹೋಗುವ ಎಲ್ಲರಿಗೂ ಅದರಿಂದ ಉಪಕಾರವೇ.

ಕೋಡಿಬಾಗದವ:

ಎಲ್ಲರಿಗೂ ಮನಸಾರೆ ಧನ್ಯವಾದ. ಬಟನ್ ಬೇಡ ಎಂದು ಕಾರಣ ಸಮೇತ ಟಿಪ್ಪಣಿ ಬರೆಯುತ್ತಿದ್ದೇನೆ. ಒಂದು ತೊಡಕು ಉಳಿದಿದೆ. ಸುತ್ತೋಲೆಗೆ ಸಹಿ, ಸೀಲು ಇರಲೇಬೇಕು, ಇಲ್ಲದಿದ್ದರೆ ಕಾಲೇಜುಗಳು ಒಪ್ಪುವುದಿಲ್ಲ ಎನ್ನುತ್ತಾರೆ. ಟೈಪ್ ಮಾಡುವವರು ನುಡಿಯಲ್ಲೇ ಪಳಗಿದವರು. ಸ್ಕ್ಯಾನ್ ಬಿಡಿಸುವುದು ಹೇಗೆ?

ಕುಮಟಾ ಕೋಡರ್:

ಬಿಡಿಸಬೇಡಿ, ಸ್ಕ್ಯಾನ್ ಪ್ರತಿ ಇರಲಿ. ಅದರ ಜೊತೆಗೆ ಅದೇ ವಿಷಯವನ್ನು ಯೂನಿಕೋಡ್ ಕನ್ನಡದಲ್ಲಿ (ಕಂಪ್ಯೂಟರ್, ಫೋನ್ ಕನ್ನಡ ಎಂದೇ ಗುರುತಿಸುವ ಅಕ್ಷರದಲ್ಲಿ) ಪುಟದ ಮೇಲೇ ಹಾಕಿ, ಕೆಳಗೆ 'ಸಹಿ ಇರುವ ಪ್ರತಿ' ಎಂದು ಪಿಡಿಎಫ್ ಕೊಡಿ. ಪಿಡಿಎಫ್ ಒಂದನ್ನೇ ನಂಬಬೇಡಿ, ಯೂನಿಕೋಡ್‌ನಲ್ಲಿ ಮಾಡಿದ ಪಿಡಿಎಫ್‌ನಲ್ಲೂ ಕನ್ನಡದ ಒತ್ತಕ್ಷರ ಎಷ್ಟೋ ಸಲ ಚೆಲ್ಲಾಪಿಲ್ಲಿ ಆಗಿರುತ್ತದೆ. ವರ್ಡ್‌ನಿಂದ ಮಾಡುವುದಾದರೆ ಪ್ರಿಂಟ್ ಕೊಟ್ಟು ಪಿಡಿಎಫ್ ಮಾಡಬೇಡಿ, ಸೇವ್ ಆ್ಯಸ್‌ನಲ್ಲಿ ಮಾಡಿ, ಹೆಡಿಂಗ್, ಟೇಬಲ್ ಗುರುತು ಉಳಿಯುತ್ತದೆ. ಹಳೇ ನುಡಿ ಫೈಲುಗಳಿಗೆ ಯೂನಿಕೋಡ್ ಪರಿವರ್ತಕಗಳು ಪುಕ್ಕಟೆ ಇವೆ. ಬದಲಿಸಿದ ಮೇಲೆ ಒಬ್ಬರು ಓದಿ ನೋಡಬೇಕು, ಅರ್ಕಾವತ್ತು ಇರುವ ಕಡೆ ವಿಶೇಷವಾಗಿ. ಟೈಪ್ ಮಾಡುವವರು ಏನೂ ಹೊಸದಾಗಿ ಕಲಿಯಬೇಕಿಲ್ಲ. ಅದೇ ಕೀಲಿಮಣೆ ವಿನ್ಯಾಸದಲ್ಲಿ ಯೂನಿಕೋಡ್ ಟೈಪ್ ಮಾಡಬಹುದು, ಬೆರಳಿನ ಅಭ್ಯಾಸ ಹಾಗೇ ಇರುತ್ತದೆ. ಗೊತ್ತು ಮಾಡಿಕೊಳ್ಳುವುದು ಹೇಗೆ ಎಂದರೆ, ಒಂದು ಸಾಲು ಕಾಪಿ ಮಾಡಿ ವಾಟ್ಸಾಪ್‌ನಲ್ಲಿ ಪೇಸ್ಟ್ ಮಾಡಿ. ಕನ್ನಡವಾಗಿಯೇ ಬಂದರೆ ಸರಿ.

ಹಿಂದಿನ ಹತ್ತು ವರ್ಷದ್ದೆಲ್ಲ ಒಂದೇ ಸಲ ಬೇಡ. ಇಂದಿನಿಂದ ಬರುವುದನ್ನು ಸರಿಯಾಗಿ ಹಾಕಿ, ಹಳತರಲ್ಲಿ ಈಗಲೂ ಜಾರಿಯಲ್ಲಿ ಇರುವುದನ್ನು ಮಾತ್ರ ಮೊದಲು ತೆಗೆದುಕೊಳ್ಳಿ.

ಸಿರ್ಸಿ ಓದುಗ:

ಹೊಸ ಪುಟ ತಯಾರಾದಾಗ ಹೇಳಿ ಸರ್, ನಾನು ಮತ್ತು ಇನ್ನಿಬ್ಬರು ಸ್ನೇಹಿತರು ಕೂತು ನೋಡುತ್ತೇವೆ. ಒಬ್ಬಳ ಹತ್ತಿರ ಫೋನ್ ಮಾತ್ರ ಇದೆ, ಅದು ಒಳ್ಳೆಯದೇ, ಹಳ್ಳಿಯ ಹೆಚ್ಚಿನವರು ಹಾಗೇ ನೋಡುವುದು. ಪುಟ ಪೂರ್ತಿ ಆದಮೇಲೆ ಬೇಡ, ಅರ್ಧ ಆದಾಗಲೇ ತೋರಿಸಿ, ಬದಲಿಸಲು ಸುಲಭ. ಮತ್ತೆ ಒಂದು ವಿಷಯ ಬಿಟ್ಟುಹೋಗಿತ್ತು. ಪರೀಕ್ಷೆಗೆ ಬರೆದುಕೊಡುವವರು ಬೇಕು, ಹೆಚ್ಚುವರಿ ಸಮಯ ಬೇಕು ಎಂದು ಕೇಳುವ ಅರ್ಜಿ ಇದೆಯಲ್ಲ, ಅದೇ ಸ್ಕ್ಯಾನ್ ಮಾಡಿದ ಚಿತ್ರವಾಗಿ ಸೈಟಿನಲ್ಲಿದೆ, ಪ್ರಿಂಟ್ ತೆಗೆದು ಪೆನ್ನಿನಿಂದ ತುಂಬಬೇಕು. ಆ ಅರ್ಜಿಯಿಂದಲೇ ಶುರು ಮಾಡಿ.