ಪಿಂಚಣಿ ಖಾತೆಯನ್ನು ವರ್ಷಕ್ಕೆ ಎಷ್ಟು ಸಲ ನೋಡುತ್ತೀರಿ?

ಕಾರವಾರದಿಂದ ಪ್ರಶ್ನೆ:
ನನಗೆ 48 ವರ್ಷ. ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ) ಖಾತೆಯಲ್ಲಿ ಸುಮಾರು 20 ಲಕ್ಷ ರೂಪಾಯಿ ಇದೆ. ಅರ್ಧ ಈಕ್ವಿಟಿಗೆ, ಅಂದರೆ ಷೇರುಗಳಿಗೆ, ಅರ್ಧ ಸರ್ಕಾರಿ ಸಾಲಪತ್ರಕ್ಕೆ ಎಂದು ನಾನೇ ಆರಿಸಿಕೊಂಡದ್ದು. ಜೊತೆಗೆ ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ) ಇದೆ. ಬೆಳಿಗ್ಗೆ ಚಹಾ ಕುದಿಯುವಷ್ಟರಲ್ಲಿ ಮೊಬೈಲ್‌ನಲ್ಲಿ ಮೊತ್ತ ನೋಡುವ ಚಟ ಹತ್ತಿದೆ. ಇಳಿದ ದಿನ ಮನೆಯವರ ಮೇಲೆ ಸಿಡುಕುತ್ತೇನಂತೆ. ನೀವು ಎಷ್ಟು ದಿನಕ್ಕೊಮ್ಮೆ ನೋಡುತ್ತೀರಿ? ಯಾವಾಗ ಬದಲಿಸುತ್ತೀರಿ?

ಶಿರಸಿಯಿಂದ:
ತಮ್ಮಾ, ನನಗೂ ಈ ಚಟವಿತ್ತು. 2020ರ ಮಾರ್ಚ್ 23ರಂದು ಷೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ ಒಂದೇ ದಿನ 3,900ಕ್ಕೂ ಹೆಚ್ಚು ಅಂಶ ಕುಸಿಯಿತು. ಮರುದಿನ ರಾತ್ರಿ ಜಗಲಿಯಲ್ಲಿ ಕುಳಿತು ಈಕ್ವಿಟಿಯಲ್ಲಿದ್ದದ್ದನ್ನೆಲ್ಲ ಸಾಲಪತ್ರಕ್ಕೆ ವರ್ಗಾಯಿಸಿಬಿಟ್ಟೆ. ಒಳ್ಳೆಯ ನಿದ್ದೆ ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಆಗ 26,000ದ ಆಸುಪಾಸಿನಲ್ಲಿದ್ದ ಸೂಚ್ಯಂಕ ಡಿಸೆಂಬರ್ ಕೊನೆಗೆ 47,000 ದಾಟಿತ್ತು. ನಾನು ಮರಳಿ ಹೊಕ್ಕದ್ದು ಅಡಿಕೆ ಕೊಯ್ಲು ಮುಗಿದ ಮೇಲೆ.

ಈಗ ವರ್ಷಕ್ಕೆ ಒಂದೇ ಸಲ, ಏಪ್ರಿಲ್ ಮೊದಲ ವಾರ. 5ನೇ ತಾರೀಖಿನೊಳಗೆ ಪಿಪಿಎಫ್ ಕಟ್ಟಿದರೆ ಆ ಹಣಕ್ಕೆ ಇಡೀ ವರ್ಷದ ಬಡ್ಡಿ ಸಿಗುತ್ತದೆ; ಹೇಗೂ ಲೆಕ್ಕದ ಪುಸ್ತಕ ಬಿಚ್ಚಲೇಬೇಕು. ಗೊತ್ತುಮಾಡಿಕೊಂಡ ಪಾಲಿನಿಂದ ಐದು ಅಂಶಕ್ಕಿಂತ ಹೆಚ್ಚು ಸರಿದಿದ್ದರೆ, ಅಂದರೆ 50 ಇದ್ದದ್ದು 55 ದಾಟಿದ್ದರೆ ಅಥವಾ 45ಕ್ಕಿಂತ ಇಳಿದಿದ್ದರೆ ಮಾತ್ರ ಕೈ ಹಾಕುತ್ತೇನೆ. ನಿನ್ನ ಈಕ್ವಿಟಿ 50 ಇದ್ದದ್ದು 58 ಆಗಿದೆ ಎನ್ನು. 20 ಲಕ್ಷದಲ್ಲಿ ಅದು 11.6 ಲಕ್ಷ. 1.6 ಲಕ್ಷವನ್ನು ಸಾಲಪತ್ರಕ್ಕೆ ಸರಿಸಿದರೆ ಮುಗಿಯಿತು. ಎನ್‌ಪಿಎಸ್ ಒಳಗೆ ಹೀಗೆ ಸರಿಸುವುದಕ್ಕೆ ತೆರಿಗೆಯಿಲ್ಲ. ಮ್ಯೂಚುವಲ್ ಫಂಡ್ ಮಾರಿದರೆ ಲಾಭಕ್ಕೆ ತೆರಿಗೆ ಬೀಳಬಹುದು. ಅಲ್ಲಿ ಹೊಸ ಹಣವನ್ನು ಕಡಿಮೆಯಾದ ಕಡೆಗೆ ಹಾಕುವುದು ಲೇಸು.

ಎನ್‌ಪಿಎಸ್‌ನಲ್ಲಿ ಪಾಲು ಬದಲಿಸಲು ವರ್ಷಕ್ಕೆ ನಾಲ್ಕು ಅವಕಾಶ ಕೊಟ್ಟಿದ್ದಾರೆ, ನಾಲ್ಕನ್ನೂ ಮುಗಿಸಬೇಕೆಂದಿಲ್ಲ. ಅಡಿಕೆಯ ಕೊಳೆರೋಗಕ್ಕೆ ಮದ್ದು ಹೊಡೆಯಲು ನಮ್ಮ ಕೊನೆಗೌಡ ಮಳೆಗಾಲದಲ್ಲಿ ಎರಡು ಮೂರು ಸಲ ಮರ ಹತ್ತುತ್ತಾನೆ. ನಡುವೆ ನಾನು ದಿನವೂ ಕತ್ತೆತ್ತಿ ನೋಡಿದರೆ ಕುತ್ತಿಗೆ ನೋಯುತ್ತದೆ, ಅಷ್ಟೇ.

ಅಂಕೋಲೆಯಿಂದ:
ವರ್ಷಕ್ಕೆ ಒಂದೇ ಸಲ ಎಂಬುದನ್ನು ನಾನು ಅರ್ಧ ಒಪ್ಪುತ್ತೇನೆ. ಗುತ್ತಿಗೆ ಕಂಪನಿಯೊಂದರಲ್ಲಿದ್ದಾಗ ಸಂಬಳದ ಚೀಟಿಯಲ್ಲಿ ಪಿಎಫ್ ಕಡಿತ ಒಂದು ತಿಂಗಳೂ ತಪ್ಪಿರಲಿಲ್ಲ. ಪಾಸ್‌ಬುಕ್‌ನಲ್ಲಿ ಐದು ತಿಂಗಳ ಜಮೆಯೇ ಇರಲಿಲ್ಲ. ಗೊತ್ತಾದದ್ದು ಕೆಲಸ ಬಿಟ್ಟ ಮೇಲೆ. ಮುಂದಿನ ತಿಂಗಳ 15ರೊಳಗೆ ಕಟ್ಟಬೇಕೆಂಬುದು ನಿಯಮ. ಹಾಗಾಗಿ ತಿಂಗಳ ಕೊನೆಗೆ ಸರ್ಕಾರದ ಉಮಂಗ್ ಆ್ಯಪ್ ತೆರೆದು ಜಮೆ ಬಿದ್ದಿದೆಯೇ ಎಂದಷ್ಟೇ ನೋಡುತ್ತೇನೆ. ಬೆಲೆ ನೋಡುವುದು ವರ್ಷಕ್ಕೊಮ್ಮೆ, ಜಮೆ ನೋಡುವುದು ತಿಂಗಳಿಗೊಮ್ಮೆ.

ಕುಮಟೆಯಿಂದ:
ತಲೆನೋವೇ ಬೇಡವೆಂದು ನಾನು ಎನ್‌ಪಿಎಸ್‌ನಲ್ಲಿ ಆಟೋ ಆಯ್ಕೆ ಹಿಡಿದೆ; ವಯಸ್ಸಿಗೆ ತಕ್ಕಂತೆ ಪಾಲು ತಾನೇ ಬದಲಾಗುತ್ತದೆ. ಅದರ ಲೈಫ್ ಸೈಕಲ್ 50ರಲ್ಲಿ 35ನೇ ವಯಸ್ಸಿನವರೆಗೆ ಈಕ್ವಿಟಿ ಶೇಕಡಾ 50, ಆಮೇಲೆ ವರ್ಷಕ್ಕೆ ಎರಡರಂತೆ ಇಳಿದು 55ಕ್ಕೆ 10. ನಾವು ಏನೂ ಒತ್ತಬೇಕಿಲ್ಲ. ಅದರಲ್ಲಿದ್ದರೆ ಈಗ ನಿಮ್ಮದು 24 ಇರುತ್ತಿತ್ತು. ಅಷ್ಟು ಇಳಿಸುವುದು ಅತಿಯಾಯಿತೆಂದು ನನಗೇ ಅನ್ನಿಸುತ್ತದೆ, ಆದರೆ ಸಿಡುಕುವವರಿಗೆ ಒಗ್ಗೀತು.

ಹೊನ್ನಾವರದಿಂದ:
ನಮ್ಮದು ಬೋಟಿನ ಮನೆ. ಮೀನುಗಾರಿಕೆಗೆ ನಿಷೇಧವಿರುವ ಜೂನ್ 1ರಿಂದ ಜುಲೈ 31ರವರೆಗೆ ಬೋಟು ದಡದಲ್ಲಿ, ಗಂಡಸರು ಬಲೆ ಸರಿಪಡಿಸುತ್ತಾರೆ, ನಾನು ಕಾಗದಪತ್ರದ ಪೆಟ್ಟಿಗೆ ತೆರೆಯುತ್ತೇನೆ. ಮೊತ್ತಕ್ಕಿಂತ ಮೊದಲು ನಾಮಿನಿ ನೋಡಿ, ಅಣ್ಣಾ. ಅಪ್ಪ ತೀರಿಕೊಂಡಾಗ ಒಂದು ಖಾತೆಗೆ ಅಜ್ಜಿಯೇ ನಾಮಿನಿ. ಅಜ್ಜಿ ಹೋಗಿ ಆಗಲೇ ಹನ್ನೊಂದು ವರ್ಷವಾಗಿತ್ತು. ಅಮ್ಮ ಎಂಟು ತಿಂಗಳು ಅಲೆದಳು.

ಕಾರವಾರದಿಂದ ಮತ್ತೆ:
ಶಿರಸಿಯ ಅಣ್ಣಾ, ಲೆಕ್ಕ ಹಾಕಿದೆ. ಈಕ್ವಿಟಿ 54. ಮುಚ್ಚಿಟ್ಟೆ. ಹೊನ್ನಾವರದ ತಂಗೀ, ನನ್ನ ಪಿಪಿಎಫ್‌ನಲ್ಲಿ ನಾಮಿನಿ ಇನ್ನೂ ಅಮ್ಮನೇ, ಮದುವೆಗೆ ಮೊದಲು ಬರೆಸಿದ್ದು. ಹೆಂಡತಿಗೆ ಇನ್ನೂ ಹೇಳಿಲ್ಲ.