ತಿದ್ದಿಕೊಳ್ಳಬಹುದಾದ ಮುಕ್ತ ಪಾಠಗಳಿಗೆ ಸ್ಕಾರ್ಮ್ ಸಾಕೇ, ಕಾಮನ್ ಕಾರ್ಟ್ರಿಡ್ಜ್ ಬೇಕೇ?

ಪಾಠಗಂಟು: ಭೌತಶಾಸ್ತ್ರದ ಪಾಠಗಳಿವೆ: ಪಠ್ಯ, ಚಿತ್ರ, ಸಮೀಕರಣ, ಪ್ರಶ್ನೆಗಳು. ಕ್ರಿಯೇಟಿವ್ ಕಾಮನ್ಸ್ ಬೈ-ಎಸ್‌ಎ ಪರವಾನಗಿಯಲ್ಲಿ (ಕರ್ತೃವಿನ ಹೆಸರು ಹೇಳಬೇಕು, ತಿದ್ದಿದ್ದನ್ನೂ ಅದೇ ಪರವಾನಗಿಯಲ್ಲಿ ಹಂಚಬೇಕು) ಬಿಡಬೇಕು. ಬೇರೆ ಶಿಕ್ಷಕರು ಮೂಡಲ್‌ಗೋ ಕ್ಯಾನ್ವಾಸ್‌ಗೋ (ಆನ್‌ಲೈನ್ ತರಗತಿ ನಡೆಸುವ ತಂತ್ರಾಂಶಗಳು) ಹಾಕಿಕೊಂಡು ತಮಗೆ ಬೇಕಾದಂತೆ ತಿದ್ದಿಕೊಳ್ಳಬೇಕು. ಸ್ಕಾರ್ಮ್ 1.2 (ಪಾಠಗಳನ್ನು ಪ್ಯಾಕೇಜ್ ಮಾಡುವ ಒಂದು ಮಾನಕ) ಜಿಪ್ ಮಾಡಿ ಹಾಕಿದರೆ ಮ್ಯಾನಿಫೆಸ್ಟ್ (ಒಳಗೆ ಏನೇನಿದೆ ಎಂದು ಪಟ್ಟಿ ಮಾಡುವ ಫೈಲ್) ಸಿಗಲಿಲ್ಲ ಎನ್ನುತ್ತದೆ. ಏನು ಮಾಡಲಿ?

ಮೂಲಪ್ರತಿ: ಮೊದಲು ದೋಷ. ಫೋಲ್ಡರನ್ನೇ ಜಿಪ್ ಮಾಡಿದ್ದೀರಿ ಅನ್ನಿಸುತ್ತದೆ. ಒಳಗೆ ಹೋಗಿ ಎಲ್ಲ ಫೈಲುಗಳನ್ನು ಆಯ್ದು ಜಿಪ್ ಮಾಡಿ, ಐಎಂಎಸ್‌ಮ್ಯಾನಿಫೆಸ್ಟ್.ಎಕ್ಸ್‌ಎಂಎಲ್ ಜಿಪ್ಪಿನ ಮೊದಲ ಹಂತದಲ್ಲೇ ಇರಬೇಕು. ಫೈಲ್ ಹೆಸರುಗಳೆಲ್ಲ ಇಂಗ್ಲಿಷಿನ ಸಣ್ಣಕ್ಷರದಲ್ಲಿರಲಿ. ವಿಂಡೋಸ್‌ನಲ್ಲಿ ತೆರೆದ ಚಿತ್ರ ಲಿನಕ್ಸ್ ಸರ್ವರಿನಲ್ಲಿ ಕಾಣದಿದ್ದರೆ ಕಾರಣ ಬಹುಮಟ್ಟಿಗೆ ದೊಡ್ಡಕ್ಷರ-ಸಣ್ಣಕ್ಷರದ ವ್ಯತ್ಯಾಸವೇ.

ಆದರೆ ನಿಮ್ಮ ಕೆಲಸಕ್ಕೆ ಸ್ಕಾರ್ಮ್ ಸರಿಯಾದ ಆಯ್ಕೆಯಲ್ಲ. ಅದು ಪಾಠ ಓಡಿಸಿ, ಅಂಕ ದಾಖಲಿಸಲು ಇರುವುದು. ಮೂಡಲ್ ಒಳಗೆ ಹೋದಮೇಲೆ ಶಿಕ್ಷಕರಿಗೆ ಅದೊಂದು ಮುಚ್ಚಿದ ಪೆಟ್ಟಿಗೆ. ಒಂದು ವಾಕ್ಯ ತಿದ್ದಲೂ ಮೂಲ ತಂತ್ರಾಂಶ ಬೇಕು. ಬದಲಿಗೆ ಕಾಮನ್ ಕಾರ್ಟ್ರಿಡ್ಜ್ 1.1 (ಪಾಠಗಳನ್ನು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸಾಗಿಸುವ ಪ್ಯಾಕೇಜ್ ಮಾನಕ) ಕೊಡಿ. ಮೂಡಲ್‌ನಲ್ಲಿ ರಿಸ್ಟೋರ್ ಮೂಲಕ, ಕ್ಯಾನ್ವಾಸ್‌ನಲ್ಲಿ ಇಂಪೋರ್ಟ್ ಮೂಲಕ ಒಳಗೆ ಹೋಗುತ್ತದೆ. ಪುಟಗಳೂ ಪ್ರಶ್ನೆಗಳೂ ಬಿಡಿಬಿಡಿಯಾಗಿ ಸಿಗುತ್ತವೆ.

ಪ್ರಶ್ನಾವಳಿ: ಒಂದು ಎಚ್ಚರಿಕೆ. ಕಾರ್ಟ್ರಿಡ್ಜ್‌ನ ಪ್ರಶ್ನೆಗಳು ಕ್ಯೂಟಿಐ 1.2.1ರ (ಪ್ರಶ್ನೆಗಳನ್ನು ಫೈಲಿನಲ್ಲಿ ಬರೆದಿಡುವ ಮಾನಕ) ಸೀಮಿತ ರೂಪದಲ್ಲಿರುತ್ತವೆ. ಬಹು ಆಯ್ಕೆ, ಸರಿ-ತಪ್ಪು, ಬಿಟ್ಟ ಸ್ಥಳ, ಪ್ರಬಂಧ ಇವು ದಾಟುತ್ತವೆ. ಹೊಂದಿಸಿ ಬರೆಯಿರಿ, ಪ್ರತಿ ವಿದ್ಯಾರ್ಥಿಗೂ ಅಂಕಿ ಬದಲಾಗುವ ಲೆಕ್ಕಗಳು ದಾಟುವುದಿಲ್ಲ. ಅಂಥವನ್ನು ಮೂಡಲ್ ಎಕ್ಸ್‌ಎಂಎಲ್ (ಮೂಡಲ್‌ನದೇ ಪ್ರಶ್ನೆಗಳ ಫೈಲ್ ರೂಪ) ಆಗಿ ಪ್ರತ್ಯೇಕವಾಗಿ ಇಡಿ.

ಸಮೀಕರಣಗಳನ್ನು ಚಿತ್ರವಾಗಿಸಬೇಡಿ, ಲೇಟೆಕ್ ಅಥವಾ ಮ್ಯಾಥ್‌ಎಂಎಲ್ (ಸಮೀಕರಣವನ್ನು ತಿದ್ದಬಹುದಾದ ಪಠ್ಯವಾಗಿ ಬರೆಯುವ ರೂಪಗಳು) ಇರಲಿ. ರೇಖಾಚಿತ್ರಗಳು ಎಸ್‌ವಿಜಿಯಲ್ಲಿದ್ದರೆ (ಗೆರೆ, ಅಕ್ಷರಗಳನ್ನು ಬಿಡಿಯಾಗಿ ತಿದ್ದಬಹುದಾದ ಚಿತ್ರರೂಪ) ಒಳಗಿನ ಅಕ್ಷರಗಳನ್ನೂ ಬದಲಿಸಬಹುದು.

ಪಾಠಗಂಟು: ಜಿಪ್ ಸರಿಹೋಯಿತು, ಥ್ಯಾಂಕ್ಸ್. ಪರವಾನಗಿಯನ್ನು ಎಲ್ಲಿ ಬರೆಯಬೇಕು?

ಮೂಲಪ್ರತಿ: ಎರಡು ಕಡೆ. ಮ್ಯಾನಿಫೆಸ್ಟಿನ ಲಾಮ್ ಮೆಟಾಡೇಟಾದಲ್ಲಿ (ಪಾಠದ ಬಗೆಗಿನ ವಿವರ ಬರೆಯುವ ಭಾಗ) ಹಕ್ಕುಗಳ ವಿಭಾಗವಿದೆ. ಅಲ್ಲಿ ಕಾಪಿರೈಟ್ ಮೌಲ್ಯ ‘ಯೆಸ್’ ಇರಲಿ (ಮುಕ್ತ ಎಂದು ‘ನೋ’ ಹಾಕಬೇಡಿ, ಪರವಾನಗಿ ನಿಂತಿರುವುದೇ ಕಾಪಿರೈಟಿನ ಮೇಲೆ), ವಿವರಣೆಯಲ್ಲಿ ಪರವಾನಗಿಯ ಪೂರ್ತಿ ವೆಬ್ ವಿಳಾಸ ಕೊಡಿ. ಇಂಪೋರ್ಟ್ ಆದಮೇಲೆ ಮ್ಯಾನಿಫೆಸ್ಟನ್ನು ಯಾರೂ ತೆರೆಯುವುದಿಲ್ಲ, ಹಾಗಾಗಿ ಪ್ರತಿ ಪುಟದ ಕೆಳಗೂ ಕರ್ತೃ, ಮೂಲದ ಕೊಂಡಿ, ಪರವಾನಗಿ ಬರೆಯಿರಿ.

ಬೈ-ಎನ್‌ಸಿ-ಎಸ್‌ಎ (ವಾಣಿಜ್ಯ ಬಳಕೆಗೆ ಅನುಮತಿ ಇಲ್ಲದ) ಚಿತ್ರವನ್ನು ಮಾರ್ಪಡಿಸಿ ಪಾಠದಲ್ಲಿ ಬೆರೆಸಿದ್ದರೆ ಬೈ-ಎಸ್‌ಎ ಹಾಕುವಂತಿಲ್ಲ. ಆ ಚಿತ್ರ ಬದಲಿಸಿ. ಪ್ಯಾಕೇಜಿನ ಪಕ್ಕದಲ್ಲೇ ಮೂಲ ಎಚ್‌ಟಿಎಂಎಲ್, ಎಸ್‌ವಿಜಿ ಫೈಲುಗಳ ಇನ್ನೊಂದು ಜಿಪ್ ಇಡಿ.